ಹಾಜರಿ ಪುಸ್ತಕದಲ್ಲಿ ಹುಟ್ಟಿದ ಕಳ್ಳರು: ಹುಬ್ಬಳ್ಳಿ ಸೆಟ್ಲಮೆಂಟಿನಿಂದ ಶುರುವಾಗುವ ಒಂದು ಪ್ರಕರಣ ಅಧ್ಯಯನ

ಹುಬ್ಬಳ್ಳಿಯಲ್ಲಿ ಗಂಗಾಧರ ನಗರ ಅಂತ ಒಂದು ಬಡಾವಣೆ ಇದೆ. ಅರ್ಜಿ, ಕಾಗದಪತ್ರಗಳಲ್ಲಿ ಆ ಹೆಸರು. ಊರಿನವರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಸೆಟ್ಲಮೆಂಟ್. ಆಟೋದವರಿಗೆ ಆ ಒಂದು ಪದ ಸಾಕು. ಹೇಳಿದ ಮೇಲೆ ಕೆಲವರು ತಿರುಗಿ ಒಮ್ಮೆ ಮುಖ ನೋಡುತ್ತಾರೆ, ಅದು ಬೇರೆ ಮಾತು. ಗದಗಿನ ಬೆಟಗೇರಿಯಲ್ಲೂ ಒಂದು ಸೆಟ್ಲಮೆಂಟ್ ಇದೆ. ಇದು ಸುಮ್ನೆ ಬಂದ ಹೆಸರಲ್ಲ. ಬ್ರಿಟಿಷರ ಕಾಲದಲ್ಲಿ 'ಹುಟ್ಟಿನಿಂದಲೇ ಕಳ್ಳರು' ಅಂತ ಕಾನೂನು ಗುರುತು ಹಚ್ಚಿದ ಜನರನ್ನು ತಂತಿಬೇಲಿ ಹಾಕಿ ಕೂಡಿಸಿದ ಜಾಗಗಳು ಇವು.

ನಾನು ಚಿಕ್ಕವನಿದ್ದಾಗ ಓಣಿಯಲ್ಲಿ ಬುಟ್ಟಿ ಮಾರುವ ಹೆಂಗಸಿನ ಕೂಗು ಕೇಳಿದರೆ ಸಾಕು, ಅಜ್ಜಿ ಒಳಗಿನಿಂದ ಒದರುತ್ತಿದ್ದಳು: "ಕೊರವರು ಬಂದಾರ, ಅರಿವಿ ಒಳಗ ತಗೀರಿ." ಬಟ್ಟೆ ಒಳಗೆ ಬರುತ್ತಿತ್ತು. ಆಮೇಲೆ ಅದೇ ಅಜ್ಜಿ ಹೊರಗೆ ಹೋಗಿ, ಕಟ್ಟೆಯ ಮೇಲೆ ಕೂತು, ಅದೇ ಹೆಂಗಸಿನ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡಿ ಮೊರ ಕೊಳ್ಳುತ್ತಿದ್ದಳು. ಅಜ್ಜಿಯ ಮನೆಯಲ್ಲಿ ಯಾವ ಕೊರವರೂ ಯಾವತ್ತೂ ಏನೂ ಕದ್ದಿರಲಿಲ್ಲ. ಕೇಳಿದರೆ, "ನಮ್ಮನ್ಯಾಗ ಇಲ್ಲ, ಆದ್ರ ಎಲ್ಲಾರಿಗೂ ಗೊತ್ತೈತಲ್ಲ" ಅನ್ನುತ್ತಿದ್ದಳು.

ಎಲ್ಲರಿಗೂ ಗೊತ್ತಿರುವ ಈ ಸಂಗತಿ ಎಲ್ಲಿಂದ ಬಂತು? ಈ ಬರಹ ಹುಡುಕುವುದು ಅದನ್ನೇ. ಒಂದು ಗುಂಪಿನ ಬಗ್ಗೆ ಇನ್ನೊಂದು ಗುಂಪಿನ ತಲೆಯಲ್ಲಿ ಅಚ್ಚಾಗಿ ಕೂತ ಚಿತ್ರಕ್ಕೆ ಪಡಿಯಚ್ಚು ಅನ್ನುತ್ತಾರೆ. ಬೆಲ್ಲ ಅಚ್ಚಿಗೆ ಬಿದ್ದ ಹಾಗೆ, ಯಾವ ಕಬ್ಬಿನ ಹಾಲಾದರೂ ಆಕಾರ ಒಂದೇ. ಪಡಿಯಚ್ಚು ಎಲ್ಲ ಗುಂಪುಗಳ ನಡುವೆಯೂ ಇರುತ್ತದೆ. ಬಯಲುಸೀಮೆಯವರಿಗೆ ಮಲೆನಾಡಿನವರ ಬಗ್ಗೆ ಒಂದು, ಮಲೆನಾಡಿನವರಿಗೆ ಬಯಲುಸೀಮೆಯವರ ಬಗ್ಗೆ ಇನ್ನೊಂದು. ಅದರಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಒಂದು ಕಡೆ ಪೆನ್ನು, ಠಾಣೆ, ಕೋರ್ಟು ಇದ್ದು, ಇನ್ನೊಂದು ಕಡೆ ಕತ್ತೆ, ಬುಟ್ಟಿ, ಮಕ್ಕಳು ಮಾತ್ರ ಇದ್ದರೆ ಕಥೆಯೇ ಬೇರೆ.

ಕಾನೂನು ಬರುವ ಮೊದಲು

ಕೊರವ, ಕೊರಮ, ಕೊರಚ ಅಂತ ಬೇರೆ ಬೇರೆ ಕಡೆ ಕರೆಸಿಕೊಳ್ಳುವ ಈ ಜನ ತಮ್ಮನ್ನು ಕುಳುವರು ಅಂತಲೂ ಹೇಳಿಕೊಳ್ಳುತ್ತಾರೆ. ತೆಲುಗು ನಾಡಿನಲ್ಲಿ ಇವರು ಎರುಕಲರು. ಒಳಪಂಗಡಗಳ ಹೆಸರು ಕೇಳಿದರೆ ಇವರು ಏನು ಮಾಡಿಕೊಂಡಿದ್ದರು ಅಂತ ಗೊತ್ತಾಗುತ್ತದೆ. ಉಪ್ಪು ಕೊರವರು ಕರಾವಳಿಯಿಂದ ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದು ಒಳನಾಡಿನಲ್ಲಿ ಕಾಳಿಗೆ ಬದಲಾಯಿಸುವವರು. ಕರಿಬೇವಿನ ಕೊರವರು ಕರಿಬೇವು ಮಾರುವವರು. ದಬ್ಬೆ ಕೊರಚರು ಬಿದಿರು ಸೀಳಿ ಬುಟ್ಟಿ ಹೆಣೆಯುವವರು. ಕುಂಚಿ ಕೊರವರು ನೇಕಾರರ ಹಾಸಿಗೆ ಬೇಕಾದ ಕುಂಚ ಮಾಡಿಕೊಡುವವರು. ಸನಾದಿ ಕೊರವರು ಮದುವೆಯಲ್ಲಿ ಸನಾದಿ ಊದುವವರು. ತಾಳಿ ಕಟ್ಟುವ ಹೊತ್ತಿಗೆ ಇವರ ಉಸಿರು ಬೇಕು!

ಹೆಂಗಸರು ಕಣಿ ಹೇಳುತ್ತಿದ್ದರು. ಕೊರವಂಜಿ ನಮ್ಮ ಸಾಹಿತ್ಯಕ್ಕೆ, ಯಕ್ಷಗಾನಕ್ಕೆ ಹೊಸಬಳಲ್ಲ. ದೇವರು ವೇಷ ಮರೆಸಿಕೊಂಡು ಬರಬೇಕಾದರೂ ಕೊರವಂಜಿಯ ವೇಷವೇ ಆಗುತ್ತಿತ್ತು. 1942ರಲ್ಲಿ ರಾಶಿಯವರು ಶುರು ಮಾಡಿದ ಹಾಸ್ಯ ಮಾಸಪತ್ರಿಕೆಗೂ ಅದೇ ಹೆಸರು. ಬಾಗಿಲಿಗೆ ಬಂದು, ಕೈ ಹಿಡಿದು, ಮನೆಯವರೇ ಹೇಳಲಾರದ ನಿಜವನ್ನು ಹೇಳುವ ಹೆಣ್ಣು ಅಂತ ಕನ್ನಡಿಗರಿಗೆ ಆ ಪದ ಗೊತ್ತಿತ್ತು. ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯನನ್ನು ಈ ಸಮುದಾಯ ತನ್ನವನು ಅನ್ನುತ್ತದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡಿದವನು. ಕಾಯಕ ಮುಖ್ಯ, ಲಿಂಗ ಕೈಜಾರಿದರೂ ಕಾಯಕ ನಿಲ್ಲಬಾರದು ಅಂದವನು.

ಹಾಗಂತ ಹಳೆಯ ಕಾಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಊರೊಳಗೆ ಇವರಿಗೆ ಜಾಗ ಇರಲಿಲ್ಲ. ಹಂದಿ ಸಾಕುತ್ತಾರೆ ಅಂತ ಹೇಸಿಗೆ, ಮುಟ್ಟಬಾರದು ಅನ್ನುವ ಕಟ್ಟಳೆ, 'ಕೊರವರ ಜಗಳ' ಅನ್ನುವ ಬೈಗುಳ, ಎಲ್ಲವೂ ಇದ್ದವು. ಆದರೆ ಚಿತ್ರಕ್ಕೆ ಹಲವು ಮುಖ ಇದ್ದವು. ಉಪ್ಪು ತರುವವರು, ಬುಟ್ಟಿ ಕೊಡುವವರು, ಸನಾದಿ ಊದುವವರು, ಕಣಿ ಹೇಳುವವರು, ಸ್ವಲ್ಪ ಅನುಮಾನದಿಂದ ನೋಡಬೇಕಾದವರು. ಊರು ಅವರನ್ನು ದೂರ ಇಡುತ್ತಿತ್ತು, ಅವರಿಗಾಗಿ ಕಾಯುತ್ತಲೂ ಇತ್ತು.

ಉಪ್ಪು ಕೈಬಿಟ್ಟಿತು

ಮದ್ರಾಸಿನಲ್ಲಿ ಉಪ್ಪಿನ ಮೇಲೆ ಸರ್ಕಾರದ ಹಿಡಿತ 1805ರಲ್ಲೇ ಶುರುವಾಗಿತ್ತು. ಆದರೂ ಉಪ್ಪು ಊರೂರಿಗೆ ಹೋಗಬೇಕಾದರೆ ಕತ್ತೆ, ಎತ್ತು ಬೇಕೇ ಬೇಕಿತ್ತು. ರೈಲು ಬಂದ ಮೇಲೆ ಅದೂ ಹೋಯಿತು. ದಕ್ಷಿಣದ ಮೊದಲ ರೈಲು 1856ರಲ್ಲಿ ಮದ್ರಾಸಿನಿಂದ ಹೊರಟಿತು. 1864ರಲ್ಲಿ ಬೆಂಗಳೂರಿಗೆ ಬಂತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂತು. ಉಪ್ಪು ಈಗ ಸ್ಟೇಷನ್ನಿನಲ್ಲಿ ಇಳಿದು ಅಂಗಡಿಗೆ ಹೋಯಿತು. ಉಪ್ಪು ಕೊರವನ ಹೆಸರಿನಲ್ಲಿ ಉಪ್ಪು ಉಳಿಯಿತು, ಕೈಯಲ್ಲಿ ಉಳಿಯಲಿಲ್ಲ.

ಇದರ ಮೇಲೆ 1876ರಿಂದ 78ರವರೆಗಿನ ದೊಡ್ಡ ಬರ. ಮೈಸೂರು ಸಂಸ್ಥಾನ, ಬಳ್ಳಾರಿ, ಧಾರವಾಡ, ವಿಜಯಪುರದ ಕಡೆಯೆಲ್ಲ ಜನ ಸತ್ತರು, ದನ ಸತ್ತವು. ಮೈಸೂರಿನಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಹೊಲ ಇದ್ದವರೇ ಹಾಗಾದರೆ, ಎತ್ತೇ ಬಂಡವಾಳ ಆಗಿದ್ದವರ ಪಾಡೇನು? ಆಮೇಲೆ 1878ರ ಅರಣ್ಯ ಕಾಯ್ದೆ, 1882ರ ಮದ್ರಾಸ್ ಅರಣ್ಯ ಕಾಯ್ದೆ. ಕಾಡಿನ ಬಿದಿರು, ಹುಲ್ಲು ಸರ್ಕಾರದ್ದಾಯಿತು. ನಿನ್ನೆಯವರೆಗೆ ಕಾಯಕ ಆಗಿದ್ದದ್ದು ಇವತ್ತು ಗುನ್ನೆ.

ಇದೇ ರೀತಿ ಕೆಲಸ ಕಳಕೊಂಡವರು ಲಂಬಾಣಿಗಳು. ಟಿಪ್ಪುವಿನ ವಿರುದ್ಧ 1791-92ರಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ ಕಾರ್ನ್‌ವಾಲಿಸನ ಸೈನ್ಯಕ್ಕೆ ದವಸ ಹೊತ್ತು ತಂದದ್ದು ಇವರ ಎತ್ತುಗಳೇ. ಮುಂದೆ ಇವರನ್ನೂ ಹಲವು ಕಡೆ ಅಪರಾಧಿ ಪಟ್ಟಿಗೆ ಸೇರಿಸಿದರು. ಎತ್ತು ಬೇಕಿದ್ದಾಗ 'ಸರಬರಾಜುದಾರ', ಬೇಡವಾದಾಗ 'ಅಲೆಮಾರಿ'.

ಇಲ್ಲಿ ಒಂದು ಪ್ರಯೋಗ ನೆನಪಾಗುತ್ತದೆ. 1990ರಲ್ಲಿ ಹಾಫ್‌ಮನ್ ಮತ್ತು ಹರ್ಸ್ಟ್ ಅನ್ನುವ ಸಂಶೋಧಕರು ಒಂದು ಕಟ್ಟುಕಥೆಯ ಗ್ರಹದ ಎರಡು ಗುಂಪುಗಳ ವಿವರವನ್ನು ಜನರಿಗೆ ಕೊಟ್ಟರು. ಒಂದು ಗುಂಪಿನ ಹೆಚ್ಚಿನವರು ಪಟ್ಟಣದಲ್ಲಿ ದುಡಿಯುವವರು, ಇನ್ನೊಂದು ಗುಂಪಿನವರು ಮಕ್ಕಳನ್ನು ಸಾಕುವವರು. ಒಬ್ಬೊಬ್ಬರ ಸ್ವಭಾವದ ವಿವರ ಎರಡೂ ಕಡೆ ಒಂದೇ ತೂಕದ್ದು. ಆದರೂ ಓದಿದವರು ದುಡಿಯುವ ಗುಂಪಿನವರೇ ಗಟ್ಟಿ ಸ್ವಭಾವದವರು, ಮಕ್ಕಳನ್ನು ಸಾಕುವ ಗುಂಪಿನವರೇ ಮೃದು ಅಂದರು. ಮಾಡುವ ಕೆಲಸವನ್ನು ನೋಡಿ ಹುಟ್ಟುಗುಣವನ್ನು ಹೇಳಿಬಿಡುವುದು ನಮ್ಮೆಲ್ಲರ ಚಾಳಿ. ಉಪ್ಪು ತರುವವನು 'ವ್ಯಾಪಾರಿ' ಆಗಿ ಕಾಣುತ್ತಾನೆ. ಉಪ್ಪು ಹೋದ ಮೇಲೆ ಅದೇ ದಾರಿಯಲ್ಲಿ, ಅದೇ ಕತ್ತೆಯ ಜೊತೆ ಹೋದರೆ 'ಸುಮ್ನೆ ತಿರುಗುವವನು' ಆಗುತ್ತಾನೆ. ಸುಮ್ನೆ ತಿರುಗುವವನು ಯಾಕೆ ತಿರುಗುತ್ತಾನೆ? ಮುಂದಿನ ಪ್ರಶ್ನೆ ತಾನಾಗಿಯೇ ಬರುತ್ತದೆ, ಅಲ್ವಾ.

ಕಳ್ಳತನ ಇರಲೇ ಇಲ್ಲವಾ? ಇತ್ತು. ಬರಗಾಲದಲ್ಲಿ ಕಾಳಿನ ಗಾಡಿ ಲೂಟಿಯಾದದ್ದು ಇತ್ತು. ಇವರಲ್ಲಿ ಕೆಲವು ತಂಡಗಳು ಕನ್ನ ಹಾಕುತ್ತಿದ್ದದ್ದೂ ಇತ್ತು. ಇದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. 'ಇವರಲ್ಲಿ ಕೆಲವರು ಕದ್ದರು' ಅನ್ನುವ ಮಾತು 'ಇವರು ಕಳ್ಳರು' ಅಂತ ಆದದ್ದು ಹೇಗೆ ಅನ್ನುವುದೇ ಪ್ರಕರಣ.

ಒಂದು ರುಜುವಿನಿಂದ ಇಡೀ ಕುಲ

1871ರ ಅಕ್ಟೋಬರ್‌ನಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. ಅದರ ಹಿಂದಿನ ವಾದ ಕೇಳಿದರೆ ಇವತ್ತು ನಗು ಬರಬಹುದು, ಸಿಟ್ಟೂ ಬರಬಹುದು. ಈ ದೇಶದಲ್ಲಿ ಕಸುಬು ಜಾತಿಯಿಂದ ಬರುತ್ತದೆ, ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ, ಹಾಗೆಯೇ ಕಳ್ಳನ ಮಗ ಕಳ್ಳ ಅನ್ನುವುದು ಆ ತರ್ಕ. ಇಂಗ್ಲೆಂಡಿನಲ್ಲೂ 1869ರಲ್ಲಿ ರೂಢಿಗತ ಅಪರಾಧಿಗಳ ಮೇಲೆ ಕಣ್ಣಿಡುವ ಕಾನೂನು ಬಂದಿತ್ತು. ಅಲ್ಲಿ ಪಟ್ಟಿಗೆ ಸೇರಬೇಕಾದರೆ ಮೊದಲು ಕೋರ್ಟಿನಲ್ಲಿ ತಪ್ಪು ಸಾಬೀತಾಗಬೇಕಿತ್ತು. ಇಲ್ಲಿ ಹುಟ್ಟಿದರೆ ಸಾಕಿತ್ತು. ಒಂದೇ ದೊರೆತನ, ಎರಡೇ ವರ್ಷದ ಅಂತರ, ಎರಡು ಅಳತೆಗೋಲು. ಲಂಡನ್ನಿನ ಕಳ್ಳನಿಗೆ ಒಂದು ಹೆಸರಿತ್ತು. ಇಲ್ಲಿಯವನಿಗೆ ಕುಲ ಮಾತ್ರ.

ಸರ್ಕಾರ ಒಂದು ಪ್ರಕಟಣೆ ಹೊರಡಿಸಿದರೆ ಆ ಕುಲ ಅಪರಾಧಿ ಕುಲ. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿಲ್ಲ, ಪ್ರಕಟಣೆಯೇ ಪುರಾವೆ. ಆಮೇಲೆ ಹೆಸರು ನೋಂದಣಿ, ಹಾಜರಿ, ಊರು ಬಿಡಬೇಕಾದರೆ ಪಾಸು. ಮೊದಲು ಉತ್ತರ ಭಾರತದ ಕೆಲವು ಪ್ರಾಂತ್ಯಗಳಿಗೆ ಸೀಮಿತವಾಗಿತ್ತು. 1897ರ ತಿದ್ದುಪಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರ ಸೇರಿತು, ನಾಲ್ಕು ವರ್ಷದ ಕೂಸನ್ನು ಕೂಡ. 1911ರ ಹೊಸ ಕಾಯ್ದೆ ಇದನ್ನು ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಿಗೂ ತಂದಿತು. ಬೆರಳಚ್ಚು ಸೇರಿತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿದರು.

ಕಾಯ್ದೆ ದಕ್ಷಿಣಕ್ಕೆ ಬರುವ ಮೊದಲೇ ಬರಹ ಬಂದಿತ್ತು. ಮದ್ರಾಸ್ ಪೊಲೀಸಿನ ಫ್ರೆಡರಿಕ್ ಮುಲ್ಲಾಲಿ 1892ರಲ್ಲಿ 'ಅಪರಾಧಿ ವರ್ಗ'ಗಳ ಬಗ್ಗೆ ಟಿಪ್ಪಣಿ ಬರೆದ. ಬೊಂಬಾಯಿಯಲ್ಲಿ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ಬರೆದ. ನಡುವೆ 1905ರಲ್ಲಿ ರೈಲ್ವೆ ಪೊಲೀಸಿನ ಪಾಪಾರಾವ್ ನಾಯ್ಡು ಕೊರವರ ಮೇಲೆಯೇ ಒಂದು ಪುಸ್ತಕ ಬರೆದರು. ಇದು ಬರೀ ಬಿಳಿಯರ ಕೆಲಸ ಅಂದುಕೊಳ್ಳಬೇಡಿ. ಮೇಲಿನ ಜಾತಿಯವರು ಹೇಳಿದ್ದನ್ನು ಪೊಲೀಸರು ಬರೆದುಕೊಂಡರು. ಪೊಲೀಸರು ಬರೆದದ್ದನ್ನು ಜನಾಂಗ ಅಧ್ಯಯನ ಮಾಡುವವರು ತಮ್ಮ ಸಂಪುಟಗಳಿಗೆ ಇಳಿಸಿದರು. ಸಂಪುಟವನ್ನು ನೋಡಿ ಮುಂದಿನ ಪೊಲೀಸ್ ಅಧಿಕಾರಿ ಕಲಿತ. ಒಬ್ಬರನ್ನೊಬ್ಬರು ಸಾಕ್ಷಿ ಮಾಡಿಕೊಂಡು ಮೂವರೂ ಖಚಿತವಾದರು. ಈ ಸುತ್ತಿನಲ್ಲಿ ಕೊರವರ ಮಾತು ಎಲ್ಲಿಯೂ ಬರೆಯಲ್ಪಟ್ಟಿಲ್ಲ, ಠಾಣೆಯ ತಪ್ಪೊಪ್ಪಿಗೆ ಬಿಟ್ಟರೆ.

ಕೊರವಂಜಿಗೆ ಏನಾಯಿತು ನೋಡಿ. ಪೊಲೀಸ್ ಟಿಪ್ಪಣಿಗಳಲ್ಲಿ ಆಕೆ ಬೇಹುಗಾರ್ತಿ. ಕಣಿ ಹೇಳುವ ನೆಪದಲ್ಲಿ, ಬುಟ್ಟಿ ಮಾರುವ ನೆಪದಲ್ಲಿ ಮನೆಯ ಒಳಹೊರಗು ನೋಡಿಕೊಂಡು ಹೋಗಿ ಗಂಡಸರಿಗೆ ಸುದ್ದಿ ಕೊಡುವವಳು. ಅದೇ ಬಾಗಿಲು, ಅದೇ ಬುಟ್ಟಿ, ಅದೇ ಮಾತು. ಆಕೆ ಮಾಡುವುದರಲ್ಲಿ ಏನೂ ಬದಲಾಗಿರಲಿಲ್ಲ. ಹಲವು ಮುಖದ ಚಿತ್ರದಲ್ಲಿ ಒಂದನ್ನು ಮಾತ್ರ ಕಾನೂನು ಎತ್ತಿಕೊಂಡಿತು. ಉಳಿದವೆಲ್ಲ ಆ ಒಂದರ ವೇಷಗಳಾದವು. ನನ್ನ ಅಜ್ಜಿಯ "ಅರಿವಿ ಒಳಗ ತಗೀರಿ" ಅನ್ನುವ ಮಾತಿನ ಬೇರು ಇಲ್ಲಿದೆ ಅಂತ ನನ್ನ ಗುಮಾನಿ. ಅಜ್ಜಿ ಶಾಲೆಗೆ ಹೋದವಳಲ್ಲ, ಮುಲ್ಲಾಲಿಯನ್ನು ಓದಿದವಳಂತೂ ಅಲ್ಲವೇ ಅಲ್ಲ. ಆದರೆ ಅಲೆಮಾರಿ ತಂಡ ಬಂದರೆ ಠಾಣೆಗೆ ತಿಳಿಸಬೇಕು ಅಂತ ಊರಗೌಡರ ಮೇಲೆ ಕಾನೂನು ಹೊರೆ ಹೊರಿಸಿತ್ತು. ಗೌಡರಿಂದ ತಳವಾರನಿಗೆ, ಅವನಿಂದ ಓಣಿಗೆ ಮಾತು ಇಳಿಯಲು ಎಷ್ಟು ಹೊತ್ತು?

ಕಣ್ಣು ಹೇಗೆ ಮೋಸ ಹೋಗುತ್ತದೆ

1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಮಾಡಿದ ಒಂದು ಪ್ರಯೋಗ ಈ ಊರಿನ ಕಥೆಗೆ ಚೆನ್ನಾಗಿ ಹೊಂದುತ್ತದೆ. 'ಎ' ಅನ್ನುವ ಗುಂಪಿನವರ ಬಗ್ಗೆ 26 ವಾಕ್ಯ, 'ಬಿ' ಗುಂಪಿನವರ ಬಗ್ಗೆ 13 ವಾಕ್ಯ ಓದಿಸಿದರು. ಎ ಗುಂಪಿನಲ್ಲಿ 18 ಒಳ್ಳೆಯದು, 8 ಕೆಟ್ಟದ್ದು. ಬಿ ಗುಂಪಿನಲ್ಲಿ 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ, ಎರಡೂ ಕಡೆ ಪ್ರಮಾಣ ಒಂದೇ. ಆದರೂ ಓದಿದವರು ಬಿ ಗುಂಪಿನವರೇ ಜಾಸ್ತಿ ಕೆಟ್ಟವರು ಅಂದರು. ಬಿ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದಾಗ ತಲೆಯಲ್ಲಿ ಅಂಟಿಕೊಳ್ಳುತ್ತವೆ.

ವರ್ಷಕ್ಕೊಮ್ಮೆ ಊರಿಗೆ ಬರುವ ತಂಡ. ವರ್ಷಕ್ಕೊಂದೋ ಎರಡೋ ಕಳ್ಳತನ. ಒಮ್ಮೆ ಎರಡೂ ಒಂದೇ ವಾರದಲ್ಲಿ ಆದರೆ ಸಾಕು, ಅದು ಹತ್ತು ವರ್ಷ ನೆನಪಿರುತ್ತದೆ. ತಂಡ ಬಂದು ಏನೂ ಆಗದ ಒಂಬತ್ತು ವರ್ಷ ಯಾರಿಗೂ ನೆನಪಿರುವುದಿಲ್ಲ. ಊರಿನವನೇ ಯಾರೋ ಕದ್ದಿದ್ದರೆ? ಬಂದುಹೋಗುವವರ ಹೆಸರು ಹೇಳುವುದು ಎಲ್ಲರಿಗೂ ಸುಲಭ. ಹೆಸರು ಹೇಳಿದ್ದಕ್ಕೆ ಏನೂ ಖರ್ಚಿಲ್ಲ.

ಇಷ್ಟು ಮಾತ್ರ ಆಗಿದ್ದರೆ ಇದು ಕಣ್ಣಿನ ತಪ್ಪು ಅಂತ ಬಿಡಬಹುದಿತ್ತು. ನಾನು ಒಪ್ಪದಿರುವುದು ಇಲ್ಲೇ. ಪಡಿಯಚ್ಚಿನ ಬಗ್ಗೆ ಮಾತಾಡುವಾಗ ಅದನ್ನು ಬರೀ ತಪ್ಪು ತಿಳಿವಳಿಕೆ, ಸರಿಯಾದ ಮಾಹಿತಿ ಕೊಟ್ಟರೆ ಹೋಗುತ್ತದೆ ಅನ್ನುವ ಹಾಗೆ ಹೇಳುವವರು ಬಹಳ ಜನ. ಬಲ ಇರುವವನ ತಪ್ಪು ತಪ್ಪಾಗಿ ಉಳಿಯುವುದಿಲ್ಲ. ಅದನ್ನು ನಿಜ ಮಾಡುವ ಸಲಕರಣೆ ಅವನ ಹತ್ತಿರ ಇರುತ್ತದೆ.

ಹಾಜರಿಯ ಲೆಕ್ಕ

ಪಟ್ಟಿಗೆ ಸೇರಿದವನು ಹಾಜರಿಗೆ ಬರಬೇಕು. ತಪ್ಪಿಸಿದರೆ ಅದೇ ಅಪರಾಧ. ಪಾಸಿಲ್ಲದೆ ಪಕ್ಕದೂರಿನ ಸಂತೆಗೆ ಹೋದರೆ ಅಪರಾಧ. ತಂಗಿಯ ಮದುವೆಗೆ ಹೋಗಿ ಒಂದು ದಿನ ತಡವಾಗಿ ಬಂದರೂ ಅಪರಾಧ. ಕಳ್ಳತನಕ್ಕೆ ಹೊಂಚು ಹಾಕುತ್ತಿದ್ದ ಅಂತ ಅನುಮಾನ ಬರುವಂಥ ಜಾಗದಲ್ಲಿ ಸಿಕ್ಕರೆ, 1911ರ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲು. ಏನೂ ಕದ್ದಿರಬೇಕಿಲ್ಲ. ಈ ಶಿಕ್ಷೆಗಳೆಲ್ಲ ಎಲ್ಲಿ ದಾಖಲಾಗುತ್ತವೆ? ಆ ಕುಲದ ಖಾತೆಯಲ್ಲಿ. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಆ ಕುಲದವರಲ್ಲಿ ಶಿಕ್ಷೆಯಾದವರು ಜಾಸ್ತಿ. ನೋಡಿ, ನಾವು ಹೇಳಿರಲಿಲ್ಲವಾ? ಉಳಿದ ಜಾತಿಯವರಿಗೆ ಹಾಜರಿಯೇ ಇಲ್ಲ, ಹಾಗಾಗಿ ಹಾಜರಿ ತಪ್ಪಿಸಿದ ಅಪರಾಧವೂ ಇಲ್ಲ. ಪಾಪ, ಅವರೆಲ್ಲ ಸಭ್ಯರು.

ಇನ್ನೊಂದು ಸುತ್ತು ಇದೆ. ಹೆಸರು ಹೇಳಿದರೆ ಪಟ್ಟಿಗೆ ಸೇರುತ್ತೇವೆ ಅಂತ ಗೊತ್ತಾದ ಮೇಲೆ ಜನ ಹೆಸರು ಬದಲಾಯಿಸಿ ಹೇಳಿದರು. ಜಾತಿ ಮುಚ್ಚಿಟ್ಟರು. ರಾತ್ರೋರಾತ್ರಿ ಬಿಡಾರ ಕಿತ್ತರು. ಇದನ್ನೂ ಬರೆದುಕೊಂಡರು, 'ಮೋಸದ ಸ್ವಭಾವ' ಅಂತ.

ಮದುರೈ ಕಡೆಯ ಕಳ್ಳರ್ ಸಮುದಾಯದವರು ಇದನ್ನು ಎದುರಿಸಿ ನಿಂತರು. ಪೆರುಂಗಾಮನಲ್ಲೂರಿನಲ್ಲಿ 1920ರ ಏಪ್ರಿಲ್ 3ರಂದು ನೋಂದಣಿಗೆ ಬಂದ ಪೊಲೀಸರಿಗೆ ಜನ ಒಪ್ಪಲಿಲ್ಲ. ಗುಂಡು ಹಾರಿತು. ಹದಿನೈದಕ್ಕೂ ಜಾಸ್ತಿ ಜನ ಸತ್ತರು, ಒಬ್ಬ ಹೆಂಗಸೂ ಸೇರಿ. ಬೆರಳಚ್ಚು ಕೊಡುವುದಿಲ್ಲ ಅಂದದ್ದು ಅವರ ತಪ್ಪು.

ತಂತಿಬೇಲಿಯ ಒಳಗೆ

ಧಾರವಾಡ, ವಿಜಯಪುರ, ಬೆಳಗಾವಿ ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. 1910ರ ದಶಕದಲ್ಲಿ ಇಲ್ಲಿ ಸೆಟ್ಲಮೆಂಟುಗಳು ಎದ್ದವು. ವಿಜಯಪುರದಲ್ಲಿ ಈ ಕೆಲಸ ನೋಡಿಕೊಂಡ ಐಸಿಎಸ್ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟ್. ಮುಂದೆ ಇಡೀ ಪ್ರಾಂತ್ಯದ ಸೆಟ್ಲಮೆಂಟುಗಳ ಹೊಣೆ ಅವನದಾಯಿತು. ಕೊರವರು, ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಹೀಗೆ ಬೇರೆ ಬೇರೆ ಭಾಷೆ, ಬೇರೆ ಬೇರೆ ದೇವರ ಜನರನ್ನು ಒಂದೇ ಬೇಲಿಯೊಳಗೆ ಕೂಡಿಸಿದರು. ಹುಬ್ಬಳ್ಳಿ ಯಾಕೆ, ಗದಗ ಯಾಕೆ, ಗೋಕಾಕ ಫಾಲ್ಸ್ ಯಾಕೆ? ಗಿರಣಿಗಳಿದ್ದವು. ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಇತ್ತು. ಸುಧಾರಣೆಗೆ ದುಡಿಮೆ ಬೇಕು, ಗಿರಣಿಗೆ ಕೂಲಿ ಬೇಕು. ಎರಡೂ ಕೈ ಕೂಡಿದವು. ಕೆಲವು ಸೆಟ್ಲಮೆಂಟುಗಳನ್ನು ಮಿಷನ್‌ಗಳಿಗೆ ವಹಿಸಿದರು. ಉತ್ತರ ಭಾರತದಲ್ಲಿ, ಆಂಧ್ರದ ಸ್ಟುವರ್ಟಪುರಂನಲ್ಲಿ ಸಾಲ್ವೇಷನ್ ಆರ್ಮಿ ಅನ್ನುವ ಕ್ರೈಸ್ತ ಸಂಸ್ಥೆ ನಡೆಸಿತು. ಅದರ ಮುಖಂಡ ಬೂತ್-ಟಕ್ಕರ್ ಇದಕ್ಕೆ 'ಕ್ರಿಮಿನೋಕ್ಯುರಾಲಜಿ', ಅಂದರೆ ಅಪರಾಧಿಗಳನ್ನು ಗುಣಪಡಿಸುವ ವಿದ್ಯೆ, ಅಂತ ಒಂದು ಶಾಸ್ತ್ರದ ಹೆಸರನ್ನೇ ಕಟ್ಟಿದ. ರೋಗ ಅವರೇ ಹೆಸರಿಸಿದ್ದು, ಔಷಧಿಯೂ ಅವರದೇ.

ಸ್ಟಾರ್ಟ್ ಕೆಟ್ಟ ಮನುಷ್ಯ ಅಂತ ನನಗೆ ಅನ್ನಿಸುವುದಿಲ್ಲ. ಮಕ್ಕಳಿಗೆ ಶಾಲೆ ಇರಬೇಕು ಅಂದವನು. ಚೆನ್ನಾಗಿ ನಡೆದುಕೊಂಡವರನ್ನು ಬೇಲಿಯಿಂದ ಹೊರಗೆ, ಬಿಡುಗಡೆಯ ಕಾಲನಿಗೆ ಕಳಿಸುವ ಏರ್ಪಾಡೂ ಇತ್ತು. ಅವನ ಅಧ್ಯಕ್ಷತೆಯಲ್ಲಿ ದಲಿತರು ಮತ್ತು ಬುಡಕಟ್ಟುಗಳ ಸ್ಥಿತಿ ನೋಡಲು ಮಾಡಿದ ಸಮಿತಿಯಲ್ಲಿ ಅಂಬೇಡ್ಕರ್ ಕೂಡ ಇದ್ದರು, 1930ರಲ್ಲಿ ವರದಿ ಬಂತು. ಆದರೆ ಪಡಿಯಚ್ಚಿಗೆ ಕೆಟ್ಟ ಮನುಷ್ಯರೇ ಬೇಕಾಗಿಲ್ಲ. 'ಪಾಪ, ಇವರನ್ನು ತಿದ್ದಬೇಕು' ಅನ್ನುವ ಮಾತಿನೊಳಗೂ 'ಇವರು ಕಳ್ಳರು' ಕೂತಿರುತ್ತದೆ.

ಇಲ್ಲಿ ಒಂದು ವಿಚಿತ್ರ ಆಯಿತು. ರಕ್ತದಲ್ಲೇ ಕಳ್ಳತನ ಇದೆ ಅಂದ ಜನ ಗಿರಣಿಯಲ್ಲಿ ಮಗ್ಗ ಓಡಿಸಿದರು, ವರ್ಕ್‌ಶಾಪಿನಲ್ಲಿ ದುಡಿದರು. ಅಂದರೆ ರಕ್ತದ ವಾದ ಬಿದ್ದುಹೋಯಿತು, ಅಲ್ವಾ? ಬೀಳಲಿಲ್ಲ. ದುಡಿದವನು ಒಳ್ಳೆಯವನಾದದ್ದು ಸೆಟ್ಲಮೆಂಟಿನಿಂದ, ಓಡಿಹೋದವನು ಓಡಿಹೋದದ್ದು ಹುಟ್ಟುಗುಣದಿಂದ. 1979ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಪೆಟ್ಟಿಗ್ರೂ ಈ ಲೆಕ್ಕವನ್ನು ವಿವರಿಸಿದರು. ನಮಗಾಗದ ಗುಂಪಿನವರು ತಪ್ಪು ಮಾಡಿದರೆ ಅದು ಅವರ ಗುಣ, ಒಳ್ಳೆಯದು ಮಾಡಿದರೆ ಅದೃಷ್ಟ, ಒತ್ತಡ ಅಥವಾ 'ಅವನೊಬ್ಬ ಬೇರೆ ಥರ'. ನಮ್ಮ ಕಡೆ ಇದಕ್ಕೆ ಸಿದ್ಧ ಮಾತೇ ಇದೆ, "ಅಂವಾ ಅವರಾಗ ಹುಟ್ಟಿದ್ರೂ ಛಲೋ ಮನಿಷಾ." ಹೊಗಳಿಕೆಯ ಹಾಗೆ ಕೇಳಿಸುತ್ತದೆ. 'ಹುಟ್ಟಿದ್ರೂ' ಅನ್ನುವ ಪದ ಕೇಳಿಸಿಕೊಳ್ಳಿ.

ಕೆಳಗಿನಿಂದ ಮೇಲಕ್ಕೆ ನೋಡಿದರೆ

ಬೇಲಿಯೊಳಗಿನವರಿಗೆ ಹೊರಗಿನವರ ಬಗ್ಗೆ ಪಡಿಯಚ್ಚು ಇರಲಿಲ್ಲವಾ? ಖಂಡಿತ ಇತ್ತು. ಖಾಕಿ ಕಂಡರೆ ನಂಬಬೇಡ ಅನ್ನುವುದು ಮಕ್ಕಳಿಗೆ ಮೊದಲ ಪಾಠ. ಆದರೆ ಎರಡೂ ಒಂದೇ ಜಾತಿಯವಲ್ಲ.

ಮನಶ್ಶಾಸ್ತ್ರಜ್ಞೆ ಸೂಸನ್ ಫಿಸ್ಕ್ 1993ರಲ್ಲಿ ಒಂದು ಸರಳ ಮಾತು ಹೇಳಿದರು. ಜನ ತಮ್ಮ ಬದುಕು ಯಾರ ಕೈಯಲ್ಲಿದೆಯೋ ಅವರನ್ನು ಗಮನಿಸುತ್ತಾರೆ. ಆಳು ಧಣಿಯ ಮುಖ ನೋಡಿ ಮೂಡು ಹೇಳಬಲ್ಲ. ಧಣಿಗೆ ಆಳಿನ ಮಗಳ ಹೆಸರು ಗೊತ್ತಿರುವುದಿಲ್ಲ. ಅದನ್ನು ತಿಳಿದುಕೊಳ್ಳದೆ ಅವನಿಗೆ ಯಾವ ನಷ್ಟವೂ ಇಲ್ಲ, ಒಂದು ಪಡಿಯಚ್ಚು ಸಾಕು.

ಹಾಜರಿಗೆ ನಿಂತವನ ಕಡೆಯಿಂದ ಯೋಚಿಸಿ. ಯಾವ ಪೇದೆ ಹತ್ತು ನಿಮಿಷ ತಡವಾದರೆ ಸುಮ್ಮನಿರುತ್ತಾನೆ, ಯಾವನು ಬರೆದುಬಿಡುತ್ತಾನೆ, ಯಾವ ಗೌಡ ಪಾಸಿಗೆ ಏನು ಕೇಳುತ್ತಾನೆ, ಇವೆಲ್ಲ ಒಬ್ಬೊಬ್ಬರ ಮಟ್ಟದಲ್ಲಿ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಜೈಲು. ಮೇಜಿನ ಆ ಕಡೆ ಕೂತವನಿಗೆ ಎದುರಿಗಿರುವುದು ಒಂದು ಸಾಲು, ಒಂದು ನಂಬರು, ಒಂದು ಬೆರಳಚ್ಚು. ಕೊರವರು ಪೊಲೀಸರ ಬಗ್ಗೆ ಏನೇ ಅಂದುಕೊಂಡರೂ ಅದನ್ನು ಬರೆಯುವ ಪುಸ್ತಕ ಇರಲಿಲ್ಲ. ಪೊಲೀಸರ ಮಕ್ಕಳು ಆ ಅನಿಸಿಕೆಯನ್ನು ಹೊತ್ತು ಶಾಲೆಗೆ ಹೋಗಬೇಕಾಗಿರಲಿಲ್ಲ.

ಕಾನೂನು ಹೋದ ಮೇಲೆ

ಯಾವ ಕುಲವನ್ನೂ ಅಪರಾಧಿ ಅನ್ನುವ ಹಾಗಿಲ್ಲ, ಈ ಕಾಯ್ದೆ ಹೋಗಬೇಕು ಅಂತ ನೆಹರೂ 1936ರಲ್ಲಿ ನೆಲ್ಲೂರಿನಲ್ಲಿ ಹೇಳಿದ್ದರು. ಮದ್ರಾಸ್ 1947ರಲ್ಲಿ, ಬೊಂಬಾಯಿ 1949ರಲ್ಲಿ ಅದನ್ನು ರದ್ದು ಮಾಡಿದವು. ಈ ಕಾಯ್ದೆಯನ್ನು ಪರಿಶೀಲಿಸಿದ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಹೋಯಿತು. ಆ ದಿನವನ್ನು ಇವತ್ತು ವಿಮುಕ್ತ ದಿನ ಅಂತ ಆಚರಿಸುತ್ತಾರೆ. ಉಳಿದವರಿಗಿಂತ ಐದು ವರ್ಷ ತಡವಾಗಿ ಬಂದ ಸ್ವಾತಂತ್ರ್ಯ.

ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕರ್ನಾಟಕದ್ದು 1961ರದ್ದು. ಕಾಗದದ ಮೇಲೆ ಇದು ಕುಲದ ಮಾತಾಡುವುದಿಲ್ಲ, ವ್ಯಕ್ತಿಯ ಮಾತಾಡುತ್ತದೆ. ಆದರೆ ಠಾಣೆಯ ಕಪಾಟಿನಲ್ಲಿ ಹಳೆಯ ಪುಸ್ತಕ ಹಾಗೇ ಇತ್ತು, ಕಪಾಟಿನ ಮುಂದೆ ಕೂತವನ ತಲೆಯಲ್ಲೂ ಇತ್ತು. ಈ ಕಾಯ್ದೆಗಳನ್ನು ರದ್ದು ಮಾಡಿ ಅಂತ ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ಸಮಿ­ತಿ 2007ರಲ್ಲಿ ಭಾರತಕ್ಕೆ ಹೇಳಿತು. ವಿಮುಕ್ತ, ಅಲೆಮಾರಿ ಬುಡಕಟ್ಟುಗಳಿಗಾಗಿ ರೇಣಕೆ ಆಯೋಗ, ಇದಾತೆ ಆಯೋಗ ಅಂತ ಎರಡು ಆಯೋಗ ಬಂದುಹೋದವು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಒಂದು ತೀರ್ಪು ಕೊಟ್ಟಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಅರ್ಜಿ. ಕಾಯ್ದೆ ಹೋಗಿ 72 ವರ್ಷವಾದರೂ ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲಿ ಅಲೆಮಾರಿ ಕುಲದವರಿಗೆ ಓಡಿಹೋಗುವ ಸ್ವಭಾವ ಇರುತ್ತದೆ ಅನ್ನುವ ಅರ್ಥದ ಸಾಲುಗಳು ಇನ್ನೂ ಇದ್ದವು. ಕೋರ್ಟು ಅವನ್ನು ಹೊಡೆದುಹಾಕಿತು. ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಹಿಡಿಯಬಾರದು ಅಂತ ಪೊಲೀಸರಿಗೂ ಹೇಳಿತು. ಮುಲ್ಲಾಲಿ ಟಿಪ್ಪಣಿ ಬರೆದು ಅಷ್ಟೊತ್ತಿಗೆ 132 ವರ್ಷ.

ಬೇಲಿಯೊಳಗೆ ಕೊರವರ ಜೊತೆ ಕೂಡಿಸಿದ ಇನ್ನೊಂದು ಹೆಸರನ್ನು ಮೇಲೆ ಹೇಳಿದೆ, ಗಂಟಿಚೋರ. ಬಿಡಿಸಿ ಓದಿ. ಗಂಟು ಕದಿಯುವ ಚೋರ. ಬೇರೆಯವರು ಇಟ್ಟ ಬೈಗುಳ ಇದು, ಪೊಲೀಸ್ ಪುಸ್ತಕದಲ್ಲಿ ಕುಲದ ಹೆಸರಾಯಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇವತ್ತಿಗೂ ಆ ಹೆಸರು ಹಾಗೇ ಇದೆ. ಆ ಮನೆಯ ಮಗುವಿಗೆ ವಿದ್ಯಾರ್ಥಿವೇತನ ಬೇಕಾದರೆ, ಹಾಸ್ಟೆಲ್ ಸೀಟು ಬೇಕಾದರೆ ತಹಶೀಲ್ದಾರರ ಕಚೇರಿಗೆ ಹೋಗಿ ಜಾತಿ ಪ್ರಮಾಣಪತ್ರ ಮಾಡಿಸಬೇಕು. ಅದರಲ್ಲಿ ಸರ್ಕಾರದ ಮುದ್ರೆಯ ಮೇಲೆ ಮಗುವಿನ ಹೆಸರು, ತಂದೆಯ ಹೆಸರು, ಪಕ್ಕದಲ್ಲಿ ಆ ಪದ. ಬೇಡ ಅಂದರೆ ಸವಲತ್ತಿಲ್ಲ. ಪತ್ರವನ್ನು ಜೆರಾಕ್ಸ್ ಮಾಡಿಸಿ ಶಾಲೆಗೆ ಕೊಡಬೇಕು. ಗುಮಾಸ್ತರು ಅದನ್ನು ಓದಿ, ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡು, ಮಗುವಿನ ಮುಖ ನೋಡುತ್ತಾರೆ.